ಬಸ್ ಹತ್ತದವರ ಲೆಕ್ಕ: ಸಾರಿಗೆ ಸಮೀಕ್ಷೆ ಮಾಡುವವರ ಜೊತೆ ಪ್ರಶ್ನೋತ್ತರ

ನಮಸ್ಕಾರ. ಈ ವಾರ ಉತ್ತರ ಹೇಳುವ ಸರದಿ ನನ್ನದು ಎಂದು ಅಡ್ಮಿನ್ ಹೇಳಿದ್ದಾರೆ. ನಾನು ಓದಿದ್ದು ಸಮಾಜಶಾಸ್ತ್ರ. 14 ವರ್ಷದಿಂದ ಸರ್ಕಾರದ ಸಾರಿಗೆ ಯೋಜನೆಗಳಿಗೆ ಸಮೀಕ್ಷೆ, ಅಧ್ಯಯನ ಮಾಡಿಕೊಡುತ್ತಿದ್ದೇನೆ. ಸರ್ಕಾರಿ ನೌಕರಳಲ್ಲ, ಗುತ್ತಿಗೆ ಕೆಲಸ. ರಸ್ತೆ ಎಷ್ಟು ಅಗಲ ಇರಬೇಕು, ಮೇಲ್ಸೇತುವೆ ಎಲ್ಲಿ ಬರಬೇಕು ಅಂತ ಕೇಳಬೇಡಿ, ಅದು ಎಂಜಿನಿಯರುಗಳಿಗೆ ಬಿಟ್ಟಿದ್ದು. ಆ ರಸ್ತೆಯಲ್ಲಿ ಯಾರು ಯಾಕೆ ಓಡಾಡುತ್ತಾರೆ, ಓಡಾಡಲು ಆಗದೆ ಯಾರು ಮನೆಯಲ್ಲೇ ಉಳಿಯುತ್ತಾರೆ ಅನ್ನುವುದನ್ನು ನಾನು ನೋಡುತ್ತೇನೆ. ಕೇಳಿ.

ಎಂ.ಎ. ವಿದ್ಯಾರ್ಥಿನಿ, ಶಿವಮೊಗ್ಗ: ಮೇಡಂ, ನಾನೂ ಸಮಾಜಶಾಸ್ತ್ರವೇ. ಈ ಕೆಲಸಕ್ಕೆ ಬರುವ ಆಸೆ ಇದೆ. ಆದರೆ ಟಿಕೆಟ್ ಮಷಿನ್‌ನಲ್ಲೇ ಎಲ್ಲ ಲೆಕ್ಕ ಇರುವಾಗ ನಿಮ್ಮ ಸಮೀಕ್ಷೆ ಯಾಕೆ ಬೇಕು ಅಂತ ನಮ್ಮ ಅಣ್ಣ ಕೇಳುತ್ತಾನೆ.

ಉತ್ತರ: ನಿಮ್ಮ ಅಣ್ಣ ಕೇಳಿದ್ದು ಸರಿಯಾಗಿಯೇ ಇದೆ. ಮಷಿನ್ ಲೆಕ್ಕವನ್ನು ನಾನೂ ಮೊದಲು ನೋಡುತ್ತೇನೆ. ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತಲ್ವಾ, ಅದಕ್ಕೆ ಮುಂಚೆ ಟಿಕೆಟ್ ನೋಡಿ ಹತ್ತಿದವರು ಹೆಂಗಸೋ ಗಂಡಸೋ ಹೇಳಲು ಆಗುತ್ತಿರಲಿಲ್ಲ. ಈಗ ಮಹಿಳೆಯರಿಗೆ ಶೂನ್ಯ ಟಿಕೆಟ್ ಕೊಡುತ್ತಾರೆ. ಆ ಟಿಕೆಟ್ಟಿನ ಮೊತ್ತವನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು, ಹಾಗಾಗಿ ಪ್ರತಿಯೊಂದನ್ನೂ ಎಣಿಸಲೇಬೇಕು. ದುಡ್ಡಿನ ಲೆಕ್ಕಕ್ಕೆ ಮಾಡಿದ ಏರ್ಪಾಡು. ಆದರೆ ನಮ್ಮಂಥವರಿಗೆ ಹೆಂಗಸರು ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ಹೋಗುತ್ತಾರೆ ಎಂಬ ದಾಖಲೆ ಪುಕ್ಕಟೆಯಾಗಿ ಸಿಕ್ಕಿತು. ಯಾವ ಸಮೀಕ್ಷೆಯಿಂದಲೂ ಇಷ್ಟು ಸಿಗುತ್ತಿರಲಿಲ್ಲ.

ಈಗ ಇನ್ನೊಂದು ಮುಖ. ಒಬ್ಬಳು ರಸ್ತೆ ಬದಿಯಲ್ಲಿ ಕೈ ಅಡ್ಡ ಹಾಕಿ ನಿಂತಿದ್ದಾಳೆ. ಬಸ್ ತುಂಬಿದೆ, ನಿಲ್ಲಿಸದೆ ಹೋಯಿತು. ಅವಳಿಗೆ ಟಿಕೆಟ್ ಹರಿಯುವುದಿಲ್ಲ. ಮಷಿನ್ ಲೆಕ್ಕದಲ್ಲಿ ಅವಳು ಇಲ್ಲವೇ ಇಲ್ಲ. ಸಂಜೆ 6ರ ನಂತರ ಬಸ್ಸಿಲ್ಲ ಅಂತ ಗಾರ್ಮೆಂಟ್ಸ್ ಕೆಲಸವನ್ನೇ ಬಿಟ್ಟವಳೂ ಇಲ್ಲ. ಅವರನ್ನು ಹುಡುಕಿಕೊಂಡು ಹೋಗುವುದೇ ನನ್ನ ಕೆಲಸ ಅಂತ ಅಣ್ಣನಿಗೆ ಹೇಳಿ.

ಬ್ಯಾಂಕ್ ಉದ್ಯೋಗಿ, ಬೆಂಗಳೂರು: ಶಕ್ತಿಯಲ್ಲಿ 500 ಕೋಟಿ ಮಹಿಳೆಯರು ಓಡಾಡಿದರು ಅಂತ ಎಲ್ಲ ಕಡೆ ಹಾಕಿದ್ದರು. ರಾಜ್ಯದಲ್ಲಿ ಅಷ್ಟು ಜನ ಎಲ್ಲಿದ್ದಾರೆ?

ಉತ್ತರ: 2011ರ ಜನಗಣತಿಯಲ್ಲಿ ಇಡೀ ರಾಜ್ಯದ ಜನಸಂಖ್ಯೆಯೇ 6.11 ಕೋಟಿ, ಮಹಿಳೆಯರು ಸುಮಾರು 3 ಕೋಟಿ. 2025ರ ಜುಲೈನಲ್ಲಿ 500 ಕೋಟಿ ದಾಟಿದ್ದು ಟಿಕೆಟ್ಟುಗಳು ಸರ್, ಜನ ಅಲ್ಲ. ಯಲಹಂಕದಿಂದ ಮೆಜೆಸ್ಟಿಕ್, ಅಲ್ಲಿಂದ ಜಯನಗರ, ಸಂಜೆ ಅದೇ ದಾರಿಯಲ್ಲಿ ವಾಪಸ್. ಒಬ್ಬಳಿಗೆ ಒಂದೇ ದಿನ 4 ಟಿಕೆಟ್. ನೇರ ಬಸ್ ಇದ್ದಿದ್ದರೆ ಎರಡೇ ಆಗುತ್ತಿತ್ತು. ಅಂದರೆ ಬಸ್ ಬದಲಿಸುವ ತೊಂದರೆ ಜಾಸ್ತಿ ಇದ್ದಷ್ಟೂ ಈ ಸಂಖ್ಯೆ ದೊಡ್ಡದಾಗುತ್ತದೆ!

ನಿರ್ವಾಹಕರು, 22 ವರ್ಷ ಸೇವೆ: ಮೇಡಂ, ಮಷಿನ್‌ನಿಂದ ಎಲ್ಲಿಂದ ಎಲ್ಲಿಗೆ ಅಂತ ಗೊತ್ತಾಗುತ್ತದೆ ಅಂದಿರಿ. ಅದಕ್ಕೆ ಸ್ಟೇಜ್, ಅಂದರೆ ದರ ಬದಲಾಗುವ ಹಂತ ಗೊತ್ತು, ಸ್ಟಾಪ್ ಗೊತ್ತಿಲ್ಲ. ಒಂದು ಸ್ಟೇಜ್‌ನಲ್ಲಿ ಮೂರು ಕಡೆ ನಿಲ್ಲಿಸಿರುತ್ತೇವೆ. ಇನ್ನು ಪಾಸಿನವರು. ಬೆಳಗ್ಗೆ ಎಂಟರ ಗಾಡಿಯಲ್ಲಿ ಕಾಲೇಜು ಹುಡುಗರು ಫುಟ್‌ಬೋರ್ಡ್ ತನಕ ನೇತಾಡುತ್ತಿರುತ್ತಾರೆ. ಪಾಸ್ ತೋರಿಸಿದವರಿಗೆ ಟಿಕೆಟ್ ಇಲ್ಲ. ಕಾಗದದ ಮೇಲೆ ನೋಡಿದರೆ ಗಾಡಿ ಖಾಲಿ.

ಉತ್ತರ: ಒಪ್ಪಿದೆ ಸರ್, ನಾನು ಅವಸರದಲ್ಲಿ ಜಾಸ್ತಿ ಹೇಳಿಬಿಟ್ಟೆ. ಪಾಸಿನ ವಿಷಯವಂತೂ ತುಂಬಾ ಮುಖ್ಯ. ಮೊದಲ ವರ್ಷ ನಾನೇ ಇದರಲ್ಲಿ ಎಡವಿದ್ದೆ. ಒಂದು ಹಳ್ಳಿ ಮಾರ್ಗದ ಇಪಿಕೆಎಂ, ಅಂದರೆ ಕಿಲೋಮೀಟರಿಗೆ ಬರುವ ಆದಾಯ, ತೀರಾ ಕಡಿಮೆ ಇತ್ತು. ಬೆಳಗಿನ ಟ್ರಿಪ್ಪಿಗೆ ಜನವೇ ಇಲ್ಲ ಎಂದು ಕರಡಿನಲ್ಲಿ ಬರೆದೆ. ಆಮೇಲೆ ಒಂದು ದಿನ ಆ ಬಸ್ಸಿಗೇ ಹೋದೆ. ಒಳಗೆ ಕಾಲಿಡಲು ಜಾಗ ಇರಲಿಲ್ಲ. ಎಲ್ಲ ಹೈಸ್ಕೂಲು ಮಕ್ಕಳು. ಆ ಸಾಲನ್ನು ಹೊಡೆದುಹಾಕಿದೆ. ಅಂದಿನಿಂದ ಒಮ್ಮೆಯೂ ಹತ್ತದ ಬಸ್ಸಿನ ಬಗ್ಗೆ ಬರೆಯುವುದಿಲ್ಲ.

ಶಿಕ್ಷಕಿ, ಹಾವೇರಿ: ನಾನು 2011ರಲ್ಲಿ ಜನಗಣತಿ ಡ್ಯೂಟಿ ಮಾಡಿದ್ದೇನೆ. ಕೆಲಸಕ್ಕೆ ಹೇಗೆ ಹೋಗುತ್ತೀರಿ, ಎಷ್ಟು ದೂರ ಅಂತ ಆಗಲೇ ಕೇಳಿದ್ದೆವು. ಅದು ಸಾಲದಾ?

ಉತ್ತರ: ಹಾಗಾದರೆ ನಿಮಗೆ ಆ ಫಾರಂ ನೆನಪಿರಬೇಕು ಟೀಚರ್. ಆ ಪ್ರಶ್ನೆ ‘ಇತರೆ ಕೆಲಸಗಾರರಿಗೆ’ ಮಾತ್ರ ಇತ್ತು. ಸ್ವಂತ ಹೊಲದಲ್ಲಿ ದುಡಿಯುವವರು, ಕೃಷಿ ಕೂಲಿಗಳು, ಮನೆಯಲ್ಲೇ ಕಸುಬು ಮಾಡುವವರು ಅದರಲ್ಲಿ ಬರಲಿಲ್ಲ. ಗೃಹಿಣಿಯರು ಮೊದಲೇ ಇಲ್ಲ. ಕಳೆ ಕೀಳಲು ಪಕ್ಕದ ಊರಿಗೆ ನಡೆದು ಹೋಗುವವಳ ದಾರಿ ಎಲ್ಲೂ ದಾಖಲಾಗಲಿಲ್ಲ. ಕೆಲಸಕ್ಕೆ ಹೋಗುವುದನ್ನು ಬಿಟ್ಟು ಬೇರೆ ಓಡಾಟ ಕೇಳಲೂ ಇಲ್ಲ. 2021ರ ಗಣತಿ ನಡೆಯಲೇ ಇಲ್ಲ. ಹಾಗಾಗಿ ಎಷ್ಟೋ ವರದಿಗಳಲ್ಲಿ ಇವತ್ತಿಗೂ ಆ ಹಳೇ ಪಟ್ಟಿಯನ್ನೇ ಎಳೆದಾಡುತ್ತಿದ್ದೇವೆ.

ಮನೆ ಮನೆ ಸಮೀಕ್ಷೆಯಲ್ಲಿ ಇನ್ನೊಂದು ತಾಪತ್ರಯ ಇದೆ, ನಿಮಗೂ ಅನುಭವ ಆಗಿರಬೇಕು. ಜಗುಲಿಯಲ್ಲಿ ಕೂತು ಉತ್ತರ ಕೊಡುವವರು ಯಜಮಾನರು. “ನಮ್ಮ ಮನೆಯವಳು ಎಲ್ಲೂ ಹೋಗಲ್ಲ ಮೇಡಂ.” ಸರಿ ಅಂತ ಸೊನ್ನೆ ಹಾಕಿದರೆ ಮುಗಿಯಿತು. ನಾನು ಆ ಹೆಂಗಸರನ್ನೇ ಕರೆಸಿ ಕೇಳುತ್ತೇನೆ. ‘ಪ್ರಯಾಣ’ ಅನ್ನುವ ಪದ ಬಳಸುವುದಿಲ್ಲ. ಪ್ರಯಾಣ ಅಂದರೆ ನಮ್ಮ ಜನಕ್ಕೆ ತಿರುಪತಿ, ಧರ್ಮಸ್ಥಳ. “ನಿನ್ನೆ ಬೆಳಗ್ಗೆ ಎದ್ದ ಮೇಲೆ ಮೊದಲ ಸಲ ಹೊಸಿಲು ದಾಟಿದ್ದು ಯಾವಾಗ ಅಕ್ಕಾ?” ಅಂತ ಶುರು ಮಾಡುತ್ತೇನೆ. ಆಗ ಒಂದೊಂದೇ ಹೊರಗೆ ಬರುತ್ತದೆ. ಮಗುವನ್ನು ಅಂಗನವಾಡಿಗೆ ಬಿಟ್ಟಿದ್ದು, ಡೈರಿಗೆ ಹಾಲು ಹಾಕಿದ್ದು, ರೇಷನ್ ಅಂಗಡಿಗೆ ಹೋಗಿ ಸರ್ವರ್ ಇಲ್ಲ ಅಂತ ವಾಪಸ್ ಬಂದಿದ್ದು, ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು. ಎಲ್ಲೂ ಹೋಗದವಳು ಮಧ್ಯಾಹ್ನದೊಳಗೆ ನಾಲ್ಕು ಕಡೆ ಹೋಗಿ ಬಂದಿರುತ್ತಾಳೆ. ಕೇಳುತ್ತಾ ನಿಂತ ಯಜಮಾನರಿಗೇ ಆಶ್ಚರ್ಯ.

ಕೇಂದ್ರದ ಸಮಯ ಬಳಕೆ ಸಮೀಕ್ಷೆ ಈ ವಿಷಯದಲ್ಲಿ ವಾಸಿ. 2019ರಲ್ಲಿ ಮೊದಲ ಸಲ ದೇಶಾದ್ಯಂತ ಮಾಡಿದರು, 2024ರಲ್ಲಿ ಇನ್ನೊಮ್ಮೆ. 6 ವರ್ಷ ದಾಟಿದ ಪ್ರತಿಯೊಬ್ಬರಿಗೂ ಹಿಂದಿನ ದಿನ ಬೆಳಗಿನ 4ರಿಂದ ಮರುದಿನ 4ರವರೆಗೆ ಅರ್ಧರ್ಧ ಗಂಟೆಯ ಲೆಕ್ಕ ಕೇಳುತ್ತಾರೆ. ಆದರೆ ಯಾವ ರಸ್ತೆ, ಯಾವ ಬಸ್ಸು ಅಂತ ಅದರಲ್ಲಿ ಸಿಗದು.

ಇನ್ನು ‘ಉದ್ದೇಶ’ ಅನ್ನುವ ಕಾಲಂ. ಯಾಕೆ ಹೊರಟಿದ್ದೀರಿ ಅಂತ ಬಸ್ಸಿನಲ್ಲಿ ಕೇಳಿದರೆ ಎಷ್ಟೋ ಹೆಂಗಸರ ಉತ್ತರ ಒಂದೇ: “ಏನಿಲ್ಲಮ್ಮಾ, ಸುಮ್ನೆ.” ಫಾರಂ ತುಂಬುವ ನಮ್ಮ ಹುಡುಗರು ಅದನ್ನು ‘ಇತರೆ’ಗೆ ಹಾಕುತ್ತಿದ್ದರು. ಕೆಲವರು ‘ಮನರಂಜನೆ’ಗೆ. ಮೇಲಿನವರು ಆ ಪಟ್ಟಿ ನೋಡಿ, ಪುಕ್ಕಟೆ ಅಂತ ಸುಮ್ನೆ ಸುತ್ತುತ್ತಾರೆ ಅನ್ನಬಹುದಿತ್ತು. ಅಂದರು ಕೂಡ. ಆಮೇಲೆ ನಾನೇ ಕೆಲವು ಬಸ್ ಹತ್ತಿ, ಸುಮ್ನೆ ಅಂದವರ ಪಕ್ಕ ಕೂತು ಮಾತಾಡಿಸಿದೆ. ಒಬ್ಬಾಕೆ ಬಾಣಂತಿ ಮಗಳಿಗೆ ಅಡುಗೆ ಮಾಡಿಟ್ಟು ಬರಲು ಹೊರಟಿದ್ದರು. ಒಬ್ಬರು ಹೂವು ಮಾರಲು. ದೊಡ್ಡಾಸ್ಪತ್ರೆಯಲ್ಲಿ ಗಂಟು ತೋರಿಸಿಕೊಳ್ಳಲು ಹೊರಟಿದ್ದ ಒಬ್ಬರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಿಜವಾಗಿಯೂ ಸುಮ್ನೆ ಹೊರಟವರೂ ಇದ್ದರು. ಮದುವೆಯಾಗಿ ಹತ್ತು ವರ್ಷ ತವರು ನೋಡದವಳು ಒಂದು ದಿನ ಸುಮ್ನೆ ಹೋಗಿ ಅಮ್ಮನ ಹತ್ತಿರ ಕೂತು ಬಂದರೆ ಅದು ಯಾವ ಕಾಲಂ, ನೀವೇ ಹೇಳಿ. ಈಗ ನನ್ನ ಫಾರಂನಲ್ಲಿ ‘ಸುಮ್ನೆ’ ಅನ್ನುವುದಕ್ಕೇ ಒಂದು ಕೋಡ್ ಇದೆ. ಪಕ್ಕದಲ್ಲಿ ಎರಡು ಸಾಲು ಖಾಲಿ ಜಾಗ.

ವ್ಯಾಪಾರಿ, ತುಮಕೂರು: ದುಡ್ಡು ಕೊಟ್ಟು ನಿಂತು ಹೋಗುವ ಗಂಡಸರ ಕಷ್ಟವನ್ನೂ ಬರೀತೀರಾ?

ಉತ್ತರ: ಖಂಡಿತ. ಯೋಜನೆಯ ಆದೇಶದಲ್ಲೇ ಬಿಎಂಟಿಸಿ ಬಿಟ್ಟು ಉಳಿದ ನಿಗಮಗಳ ಬಸ್ಸಿನಲ್ಲಿ ಅರ್ಧ ಸೀಟು ಪುರುಷರಿಗೆ ಅಂತ ಇದೆ. ರಶ್ಶಿನಲ್ಲಿ ಅದು ನಡೆಯುತ್ತದಾ ಅಂತ ನೋಡಲು ಬಸ್ಸಿನಲ್ಲಿ ನಿಂತು ಎಣಿಸಲೇಬೇಕು. ವಯಸ್ಸಾದ ಗಂಡಸರನ್ನು ನಾನು ಬೇರೆಯಾಗಿಯೇ ಬರೆದುಕೊಳ್ಳುತ್ತೇನೆ.

ಗೃಹಿಣಿ, ಉಡುಪಿ: ನಮ್ಮ ಕಡೆ ಎಲ್ಲ ಪ್ರೈವೇಟ್ ಬಸ್ಸೇ. ನಮ್ಮ ಲೆಕ್ಕ ಯಾರ ಹತ್ತಿರ?

ಉತ್ತರ: ಅದೇ ಸಮಸ್ಯೆ. ಶಕ್ತಿ ಇರುವುದು ಸರ್ಕಾರಿ ಬಸ್ಸಿಗೆ, ಅದರಲ್ಲೂ ಐಷಾರಾಮಿ ಅಲ್ಲದ ಬಸ್ಸಿಗೆ. ಉಡುಪಿ, ದಕ್ಷಿಣ ಕನ್ನಡದಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ. ಹಾಗಾಗಿ ಶೂನ್ಯ ಟಿಕೆಟ್ ಪಟ್ಟಿಯಲ್ಲಿ ನಿಮ್ಮ ಜಿಲ್ಲೆ ಚಿಕ್ಕದಾಗಿ ಕಾಣುತ್ತದೆ. ಅದನ್ನು ನೋಡಿ ಅಲ್ಲಿನ ಹೆಂಗಸರು ಹೊರಗೆ ಹೋಗುವುದೇ ಕಡಿಮೆ ಅಂತ ಯಾರಾದರೂ ಬರೆದರೆ ನಗಬೇಕಷ್ಟೆ. ನಿಮ್ಮಲ್ಲಿ ಸ್ಟಾಪಿನಲ್ಲಿ ನಿಂತು ಎಣಿಸುವುದು ಬಿಟ್ಟು ಬೇರೆ ದಾರಿ ನನಗಂತೂ ಸಿಕ್ಕಿಲ್ಲ.

ಪದವೀಧರ, ಕಲಬುರಗಿ: ಬೆಂಗಳೂರಲ್ಲಿ ಮಾಡಿದ ಫಾರಂ ನಮ್ಮ ಕಡೆ ನಡೆಯಲ್ಲ ಬಿಡ್ರಿ ಮೇಡಂ.

ಉತ್ತರ: ನಡೆಯಲ್ಲ, ನಿಜ. ಒಮ್ಮೆ ಫಾರಂನಲ್ಲಿ ಬಸ್, ರೈಲು, ಆಟೊ, ಬೈಕ್ ಅಂತ ಇತ್ತು. ನಿಮ್ಮ ಕಡೆಯವರು ‘ಟಂಟಂ’ ಅಂದರು. ಹುಡುಗರು ‘ಆಟೊ’ಗೆ ಟಿಕ್ ಹಾಕಿದರು. ಬೆಂಗಳೂರಿನ ಟೇಬಲ್ಲಿನಲ್ಲಿ ಕೂತು ನೋಡಿದವರಿಗೆ ಅದು ಮೀಟರ್ ಆಟೊ, ಕೈಯಲ್ಲಿ ಕಾಸಿದ್ದವರ ಸವಾರಿ. ಹತ್ತು ಹನ್ನೆರಡು ಜನ ಒತ್ತಿಕೊಂಡು ಕೂರುವ ಟಂಟಂ ಎಲ್ಲಿ, ಅದೆಲ್ಲಿ! ಕ್ರೂಸರ್ ಜೀಪಿನ ಕಥೆಯೂ ಇದೇ. ಇನ್ನು “ಗಾಡಿಗೆ ಬಂದೆ” ಅಂದರೆ ಅದು ಬಸ್ಸೋ, ರೈಲೋ, ಬೈಕೋ ಅಂತ ಮತ್ತೆ ಕೇಳಲೇಬೇಕು. ಈಗ ಆಯಾ ತಾಲ್ಲೂಕಿನವರನ್ನೇ ಕೆಲಸಕ್ಕೆ ತೆಗೆದುಕೊಂಡು, ಫಾರಂನ ಪದಗಳನ್ನು ಮೊದಲು ಅವರಿಂದ ತಿದ್ದಿಸುತ್ತೇನೆ.

ಐಟಿ ಉದ್ಯೋಗಿ, ವೈಟ್‌ಫೀಲ್ಡ್: ನೇರವಾಗಿ ಕೇಳುತ್ತೇನೆ. ನಿಮ್ಮ ವರದಿ ಯಾರಾದರೂ ಓದುತ್ತಾರಾ? ತೀರ್ಮಾನ ಮೊದಲೇ ಆಗಿರುತ್ತದೆ ಅಲ್ವಾ?

ಉತ್ತರ: ಎಷ್ಟೋ ಸಲ ಆಗಿರುತ್ತದೆ. ಯೋಜನೆ ಬೇಕೋ ಬೇಡವೋ ಅಂತ ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ. ಅದು ಚುನಾವಣೆ, ಬಜೆಟ್ಟಿನಲ್ಲಿ ತೀರ್ಮಾನ ಆಗುತ್ತದೆ. ಆಗಬೇಕಾದ್ದೂ ಅಲ್ಲೇ ಅನ್ನಿ. ನಡೆಯುತ್ತಿರುವ ಯೋಜನೆ ಯಾರನ್ನು ಮುಟ್ಟಿದೆ, ಯಾರನ್ನು ಬಿಟ್ಟಿದೆ ಅಂತ ನೋಡುವುದಕ್ಕೆ ನಮ್ಮನ್ನು ಕರೆಯುತ್ತಾರೆ. ಅದಕ್ಕೆಂದೇ 2011ರಿಂದ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಇದೆ. ಅದು ಎಲ್ಲ ಇಲಾಖೆಗಳ ಯೋಜನೆಗಳನ್ನೂ ಹೊರಗಿನವರಿಂದ ಅಧ್ಯಯನ ಮಾಡಿಸುತ್ತದೆ. ಬೇರೆ ಕಚೇರಿಗಳೂ ಕೆಲಸ ಕೊಡುತ್ತವೆ.

ಓದುವುದು? ಮೊದಲ ಒಂದು ಪುಟ ಓದುತ್ತಾರೆ. ಇದು ಗೊತ್ತಾದ ಮೇಲೆ ಆ ಪುಟ ಬರೆಯಲು ನಾನು ಒಂದು ವಾರ ತೆಗೆದುಕೊಳ್ಳುತ್ತೇನೆ.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಹೆಸರು ಬೇಡ, ಒಂದು ಕಚೇರಿಯಲ್ಲಿ “ಸ್ವಲ್ಪ ಪಾಸಿಟಿವ್ ಆಗಿ ಬರೀರಿ ಮೇಡಂ” ಅಂದರು. ನಾನು ಅಂಕಿ ಬದಲಿಸಲಿಲ್ಲ. ಆದರೆ ರಾತ್ರಿ ಪಾಳಿ ಮುಗಿಸಿದ ಹೆಂಗಸರಿಗೆ ವಾಪಸ್ ಬಸ್ಸಿಲ್ಲ ಅನ್ನುವ ಟೇಬಲ್ಲನ್ನು ಮೊದಲ ಪುಟದಿಂದ ತೆಗೆದು ಕೊನೆಯ ಅನುಬಂಧಕ್ಕೆ ಹಾಕಿದೆ. ಸುಳ್ಳು ಬರೆಯಲಿಲ್ಲ ಅಂತ ಆಗ ಸಮಾಧಾನ ಮಾಡಿಕೊಂಡೆ. ಆ ಪುಟದವರೆಗೆ ಯಾರೂ ಬರುವುದಿಲ್ಲ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಕೆಲಸಕ್ಕೆ ಬಂದದ್ದೂ ಇದೆ. ಒಂದು ತಾಲ್ಲೂಕಿನಲ್ಲಿ ಹಳ್ಳಿ ಬಸ್ ಆಸ್ಪತ್ರೆ ಹತ್ತಿರ ಬರುವಷ್ಟರಲ್ಲಿ ಒಪಿಡಿ ಚೀಟಿ ಕೊಡುವುದು ಮುಗಿಯುತ್ತಿತ್ತು. ವರದಿಯಲ್ಲಿ ದೊಡ್ಡ ದೊಡ್ಡ ಶಿಫಾರಸು ಬರೆದಿದ್ದೆ, ಒಂದೂ ಆಗಲಿಲ್ಲ. ಈ ಬಸ್ಸಿನ ವಿಷಯವನ್ನು ಮಾತ್ರ ಸಭೆಯ ನಂತರ ಚಹಾ ಕುಡಿಯುತ್ತಾ ಡಿಪೊ ಮ್ಯಾನೇಜರಿಗೆ ಹೇಳಿದೆ. ಮುಂದಿನ ತಿಂಗಳು ಬಸ್ ಮುಕ್ಕಾಲು ಗಂಟೆ ಮುಂಚೆ ಹೊರಟಿತು. ಶಿಫಾರಸು ಪಟ್ಟಿಯಲ್ಲಿ ಅದು 31ನೆಯದು.

ಅದೇ ಉದ್ಯೋಗಿ: ಮೆಟ್ರೊ ದರದ ಬಗ್ಗೆ ಜನರನ್ನು ಮೊದಲೇ ಕೇಳಿದ್ದರೆ ಆಗುತ್ತಿರಲಿಲ್ವಾ?

ಉತ್ತರ: 2025ರ ಫೆಬ್ರವರಿ 9ರಂದು ಗರಿಷ್ಠ ದರ 60ರಿಂದ 90 ರೂಪಾಯಿ ಆಯಿತು. ದರ ಏರಿದರೆ ಮೆಟ್ರೊ ಬಿಡ್ತೀರಾ ಅಂತ ಕೇಳಿದರೆ ಸಿಟ್ಟಿನಲ್ಲಿ ಎಲ್ಲರೂ ಹೂಂ ಅನ್ನುತ್ತಾರೆ. ಮರುದಿನ ಅದೇ ಪ್ಲಾಟ್‌ಫಾರಂನಲ್ಲಿ ಸಿಗುತ್ತಾರೆ. ಬಿಡುವವರು ಸದ್ದಿಲ್ಲದೆ ಬಿಡುತ್ತಾರೆ, ಅವರು ಸ್ಟೇಷನ್ನಿನಲ್ಲಿ ಸಿಗುವುದಿಲ್ಲ. ಮುಂದೆ ಏನು ಮಾಡ್ತೀರಿ ಅನ್ನುವ ಪ್ರಶ್ನೆಗಿಂತ ನಿನ್ನೆ ಏನು ಮಾಡಿದಿರಿ ಅನ್ನುವ ಪ್ರಶ್ನೆಯನ್ನು ನಾನು ಜಾಸ್ತಿ ನಂಬುತ್ತೇನೆ.

ಎಂ.ಎ. ವಿದ್ಯಾರ್ಥಿನಿ, ಶಿವಮೊಗ್ಗ: ಮೇಡಂ, ಸಂಬಳ ಹೇಗೆ? ಎಲ್ಲಿಂದ ಶುರು ಮಾಡಲಿ?

ಉತ್ತರ: ಸಂಬಳ ಪ್ರಾಜೆಕ್ಟ್ ಇದ್ದಾಗ ಇರುತ್ತದೆ. ಬಿಲ್ ಪಾಸಾಗುವುದು ತಡ. ಮನೆಯಲ್ಲಿ ಇನ್ನೊಂದು ಆದಾಯ ಇದ್ದರೆ ಧೈರ್ಯವಾಗಿ ಬನ್ನಿ, ಇಲ್ಲದಿದ್ದರೆ ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಳ್ಳಿ. ಎಂಜಿನಿಯರಿಂಗ್ ಬೇಡ. ಎಕ್ಸೆಲ್ ಚೆನ್ನಾಗಿ ಬರಬೇಕು, ಸ್ವಲ್ಪ ಸಂಖ್ಯಾಶಾಸ್ತ್ರ ಬೇಕು. ಬಿಸಿಲಲ್ಲಿ ನಿಲ್ಲುವ ಕಾಲು ಬೇಕು. ಕೇಳಿದವರ ಫೋನ್ ನಂಬರ್, ಹೆಸರು ಯಾರ ಕೈಗೂ ಕೊಡಬಾರದು, ಅಧಿಕಾರಿ ಕೇಳಿದರೂ.

ಸದ್ಯಕ್ಕೆ ಒಂದು ನೋಟ್‌ಬುಕ್ ಹಿಡಿದು ನಿಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಬೆಳಗ್ಗೆ 8ರಿಂದ 10 ಕೂರಿ. ಹತ್ತಿದವರನ್ನು ಬಿಡಿ. ಬಸ್ ಬಂದರೂ ಹತ್ತದೆ ಉಳಿದವರನ್ನು ಎಣಿಸಿ, ಆಮೇಲೆ ಯಾಕೆ ಅಂತ ಕೇಳಿ. ಹಬ್ಬ, ಸಂತೆ ಇಲ್ಲದ ಮಾಮೂಲಿ ದಿನ ನೋಡಿಕೊಳ್ಳಿ.

ನಿರ್ವಾಹಕರು, 22 ವರ್ಷ ಸೇವೆ: ಮಧ್ಯೆ ಬಾಯಿ ಹಾಕುತ್ತೇನೆ ಮೇಡಂ. ಸಂತೆ ದಿನ ಯಾಕೆ ಬೇಡ? ಹಳ್ಳಿ ಹೆಂಗಸರು ವಾರದಲ್ಲಿ ಹೊರಗೆ ಬರುವುದೇ ಅವತ್ತು. ಆಸ್ಪತ್ರೆ, ಬ್ಯಾಂಕು, ಬಳೆ ಅಂಗಡಿ ಎಲ್ಲ ಅವತ್ತೇ. ನೀವು ಮಾಮೂಲಿ ದಿನ ಅಂತ ಬಂದು ಎಣಿಸಿಕೊಂಡು ಹೋಗುತ್ತೀರಿ. ಸಂತೆ ದಿನ ನನ್ನ ಗಾಡಿಯಲ್ಲಿ ಕೋಳಿ ಇಡಲೂ ಜಾಗ ಇರಲ್ಲ.

ಉತ್ತರ: ಸರ್, ‘ಮಾಮೂಲಿ ದಿನ’ ಅಂತ ಪುಸ್ತಕದಲ್ಲಿ ಓದಿದ್ದನ್ನು 14 ವರ್ಷದಿಂದ ಹಾಗೇ ಒಪ್ಪಿಸುತ್ತಿದ್ದೇನೆ. ಮುಂದಿನ ಫಾರಂನಲ್ಲಿ ಸಂತೆ ದಿನವೂ ಇರುತ್ತದೆ. ನಿಮ್ಮ ಗಾಡಿ ಯಾವ ಮಾರ್ಗ, ಸಂತೆ ಯಾವ ವಾರ, ಇನ್‌ಬಾಕ್ಸಿಗೆ ಹಾಕಿ. ನಾನೇ ಬರುತ್ತೇನೆ. ಕೋಳಿಗೆ ಲಗೇಜ್ ಟಿಕೆಟ್ ಹೇಗೆ ಅನ್ನುವುದನ್ನೂ ಆಗಲೇ ಹೇಳಿಕೊಡಿ.