ಅವಕಲ ಸಮೀಕರಣದ ಪರಿಹಾರವನ್ನು ತಾಳೆ ನೋಡುವುದು: ಗಣಿತ ಉಪನ್ಯಾಸಕಿಯೊಂದಿಗೆ ಪ್ರಶ್ನೋತ್ತರ

ದ್ವಿತೀಯ ಪಿಯು ವಿದ್ಯಾರ್ಥಿನಿ, ಯಲಹಂಕ: ನಮಸ್ಕಾರ ಮೇಡಂ. ನನಗೆ ಬಂದ ಉತ್ತರವೂ ಪುಸ್ತಕದ ಹಿಂಬದಿಯ ಉತ್ತರವೂ ನೋಡಲು ಬೇರೆ ಬೇರೆಯಾಗಿವೆ. ನನ್ನದು ತಪ್ಪೆಂದು ತಿಳಿಯಬೇಕೇ?

ಉಪನ್ಯಾಸಕಿ: ಹಾಗೇನಿಲ್ಲಮ್ಮ. ನಿನ್ನ ಉತ್ತರವನ್ನು ಅವಕಲಿಸಿ, ಅಂದರೆ ಎಕ್ಸ್ ಜೊತೆ ವೈ ಬದಲಾಗುವ ದರವಾದ ವೈ′ ಕಂಡುಹಿಡಿದು, ವೈ ಮತ್ತು ವೈ′ ಎರಡನ್ನೂ ಮೂಲ ಸಮೀಕರಣದಲ್ಲಿ ಆದೇಶಿಸು. ಒಂದು ವ್ಯಾಪ್ತಿಯ ಎಲ್ಲ ಎಕ್ಸ್ ಬೆಲೆಗಳಿಗೂ ಎಡಬದಿ ಬಲಬದಿಗಳು ಸಮವಾದರೆ ಅದು ಪರಿಹಾರವೇ. ಸ್ಥಿರಾಂಕವನ್ನು ಸಿ ಎಂದು ಬರೆಯುವ ಬದಲು ಲಾಗ್ ಸಿ ಎಂದು ಬರೆದರೂ ಉತ್ತರದ ರೂಪ ಬದಲಾಗುತ್ತದೆ.

ಪೋಷಕರು, ರಾಜಾಜಿನಗರ: ವಾಟ್ಸಾಪ್‌ನಲ್ಲಿ ಹೀಗೊಂದು ಸಂದೇಶ ಬಂದಿದೆ: ‘ಸಿಇಟಿಯಲ್ಲಿ ಅವಕಲ ಸಮೀಕರಣಕ್ಕೆ ಐದೇ ಸೆಕೆಂಡು. ಆಯ್ಕೆಗಳಲ್ಲಿ ಎಕ್ಸ್ = 0 ಹಾಕಿ, ಸರಿಹೋದದ್ದೇ ಉತ್ತರ.’ ಮಗನಿಗೆ ಹೇಳಿಕೊಡಬಹುದೇ?

ಉಪನ್ಯಾಸಕಿ: ದಯವಿಟ್ಟು ಬೇಡ. ವೈ′ = ವೈ ಎಂಬ ಸಮೀಕರಣಕ್ಕೆ ವೈ = 1 + ಎಕ್ಸ್ ಎಂಬ ಆಯ್ಕೆ ಇದೆಯೆಂದುಕೊಳ್ಳಿ. ಎಕ್ಸ್ = 0 ಆದಾಗ ಎರಡೂ ಬದಿಯಲ್ಲಿ 1 ಬರುತ್ತದೆ; ಎಕ್ಸ್ = 1 ಆದಾಗ ಎಡಕ್ಕೆ 1, ಬಲಕ್ಕೆ 2. ಒಂದು ಬಿಂದುವಿನಲ್ಲಿ ತಾಳೆಯಾಗದ ಆಯ್ಕೆಯನ್ನು ಹೊಡೆದುಹಾಕಬಹುದು, ಆದರೆ ತಾಳೆಯಾದ ಮಾತ್ರಕ್ಕೆ ಅದು ಪರಿಹಾರವಾಗುವುದಿಲ್ಲ. 60 ಪ್ರಶ್ನೆಗಳಿಗೆ 80 ನಿಮಿಷ ಇರುವಾಗ ಒಮ್ಮೆ ಅವಕಲಿಸಿ ನೋಡಲು ಸಮಯ ಸಾಲದೆಂಬ ಹೆದರಿಕೆಯನ್ನು ಯಾರು ಹುಟ್ಟಿಸುತ್ತಿದ್ದಾರೋ ತಿಳಿಯದು.

ಎಂಜಿನಿಯರಿಂಗ್ ವಿದ್ಯಾರ್ಥಿ, ಕೆಂಗೇರಿ: ಮೇಡಂ, ವೈ′ = 2√ವೈ, ವೈ(0) = 1 ಎಂಬ ಲೆಕ್ಕದಲ್ಲಿ ಚರಾಕ್ಷರಗಳನ್ನು ಬೇರ್ಪಡಿಸಿ ಅನುಕಲಿಸಿದಾಗ ವೈ = (ಎಕ್ಸ್ + ಸಿ)² ಬಂತು. ಆರಂಭಿಕ ನಿಬಂಧನೆಯಿಂದ ಸಿ² = 1, ಆದ್ದರಿಂದ ಸಿ = 1 ಅಥವಾ −1. ಎರಡನ್ನೂ ಆದೇಶಿಸಿ ನೋಡಿದೆ, ಎರಡೂ ತಾಳೆಯಾಗುತ್ತವೆ. ಯಾವುದನ್ನು ಬರೆಯಲಿ?

ಉಪನ್ಯಾಸಕಿ: ಎರಡೂ ತಾಳೆಯಾಗುವುದಿಲ್ಲ. ನೀವು (ಎಕ್ಸ್ − 1)²ರ ವರ್ಗಮೂಲವನ್ನು ಎಕ್ಸ್ − 1 ಎಂದೇ ಬರೆದುಕೊಂಡಿರಬೇಕು. ಆದರೆ ವರ್ಗಮೂಲದ ಚಿಹ್ನೆ ಎಂದಿಗೂ ಋಣ ಬೆಲೆಯನ್ನು ಕೊಡದ ಕಾರಣ ಅದು |ಎಕ್ಸ್ − 1| ಆಗಬೇಕು. ಎಕ್ಸ್ = 0 ಹಾಕಿದರೆ ಎಡಬದಿ −2, ಬಲಬದಿ +2. ಹೀಗಾಗಿ ಸಿ = −1 ಬಿದ್ದುಹೋಯಿತು.

ಉಳಿದ (ಎಕ್ಸ್ + 1)² ಕೂಡ ಎಲ್ಲೆಡೆ ಪರಿಹಾರವಲ್ಲ. ಎಕ್ಸ್ ≥ −1 ಇರುವಲ್ಲಿ ಮಾತ್ರ ಅದು ಸಮೀಕರಣಕ್ಕೆ ಹೊಂದುತ್ತದೆ. −1ರ ಎಡಕ್ಕೆ ವೈ = 0 ಎಂಬುದೇ ಪರಿಹಾರ, ಮತ್ತು ಈ ಎರಡು ತುಂಡುಗಳು ಕೂಡುವಲ್ಲಿ ಬೆಲೆಯೂ 0, ಇಳಿಜಾರೂ 0 ಆಗಿರುವುದರಿಂದ ಬೆಸುಗೆ ಬಿಡುವುದಿಲ್ಲ. ಈ ವೈ = 0 ನಿಮ್ಮ ಲೆಕ್ಕದಲ್ಲಿ ಕಾಣದಿರುವುದಕ್ಕೆ ಕಾರಣವೆಂದರೆ, ಚರಾಕ್ಷರಗಳನ್ನು ಬೇರ್ಪಡಿಸುವಾಗ ನೀವು √ವೈ ಇಂದ ಭಾಗಿಸಿದಿರಿ; ಸೊನ್ನೆಯಿಂದ ಭಾಗಿಸಲಾಗದಿದ್ದುದರಿಂದ ಆ ಪರಿಹಾರ ಅಲ್ಲಿಯೇ ಕೈತಪ್ಪಿತು.

ನನಗೆ ಹೆಚ್ಚು ಸ್ವಾರಸ್ಯವೆನಿಸುವುದು ಮುಂದಿನದು. ನಿಬಂಧನೆಯನ್ನು ವೈ(0) = 0 ಎಂದು ಬದಲಿಸಿದರೆ, ಸೊನ್ನೆಗಿಂತ ಕಡಿಮೆಯಲ್ಲದ ಯಾವುದೇ ಕೆ ವರೆಗೆ ವೈ ಸೊನ್ನೆಯಾಗಿಯೇ ಇದ್ದು, ಆಮೇಲೆ (ಎಕ್ಸ್ − ಕೆ)² ಆಗಿ ಏರಬಹುದು. ಇಂಥ ಲೆಕ್ಕವಿಲ್ಲದಷ್ಟು ಪರಿಹಾರಗಳು ಪ್ರತಿಯೊಂದೂ ತಾಳೆಯಾಗುತ್ತವೆ. ಪರಿಹಾರವಿದೆ ಎಂಬ ಭರವಸೆಯನ್ನು ಪೇಯಾನೋ ಪ್ರಮೇಯ ಕೊಡುತ್ತದೆಯಾದರೂ, ಅದು ಒಂದೇ ಎನ್ನಲು ಸಾಮಾನ್ಯವಾಗಿ ನಾವು ನೆಚ್ಚುವ ಲಿಪ್‌ಶಿಟ್ಸ್ ನಿಬಂಧನೆ (ವೈ ಬದಲಾದಾಗ ಬಲಬದಿಯ ಬದಲಾವಣೆ ಅದರ ಒಂದು ನಿಗದಿತ ಪಟ್ಟನ್ನು ಮೀರಬಾರದೆಂಬುದು) ವೈ = 0 ಬಳಿ ಮುರಿಯುತ್ತದೆ. ಮಾಳಿಗೆಯ ಟ್ಯಾಂಕಿನ ತಳದ ತೂತಿನಿಂದ ನೀರು ಸೋರುವುದೂ, ಸೋರುವ ವೇಗ ನೀರಿನ ಎತ್ತರದ ವರ್ಗಮೂಲಕ್ಕೆ ಅನುಪಾತವಾಗಿರುತ್ತದೆ ಎನ್ನುವ ಟೊರಿಚೆಲ್ಲಿ ನಿಯಮದಂತೆ, ಇದೇ ಬಗೆಯ ಸಮೀಕರಣ, ಚಿಹ್ನೆ ಮಾತ್ರ ಋಣ. ಬರಿದಾದ ಟ್ಯಾಂಕನ್ನು ನೋಡಿ ಅದು ಎಷ್ಟು ಹೊತ್ತಿಗೆ ಬರಿದಾಯಿತೆಂದು ಹೇಳಲಾಗದಷ್ಟೆ.

ಎಂಜಿನಿಯರಿಂಗ್ ವಿದ್ಯಾರ್ಥಿ, ಕೆಂಗೇರಿ: ಧನ್ಯವಾದಗಳು ಮೇಡಂ. ಪರೀಕ್ಷೆಯಲ್ಲಿ ಎಕ್ಸ್ ≥ −1 ಎಂದೂ ಬರೆಯಬೇಕೇ?

ಉಪನ್ಯಾಸಕಿ: ಬರೆಯಿರಿ.

ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬಸವನಗುಡಿ: ಅವಕಲ ಸಮೀಕರಣವನ್ನು ಬೀಜಗಣಿತದ ಸಮೀಕರಣವಾಗಿಸಿ ಬಿಡಿಸುವ ಲಾಪ್ಲಾಸ್ ಪರಿವರ್ತನೆಯಿಂದ ಬಂದ ಪರಿಹಾರವನ್ನೂ ಹೀಗೆಯೇ ತಾಳೆ ನೋಡಬೇಕೇ ಮೇಡಂ?

ಸಾಫ್ಟ್‌ವೇರ್ ಎಂಜಿನಿಯರ್, ವೈಟ್‌ಫೀಲ್ಡ್: ಇಷ್ಟು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಪೈಥಾನ್‌ನಲ್ಲಿ ಸಂಖ್ಯಾತ್ಮಕವಾಗಿ ಬಿಡಿಸಿ, ಕಂಪ್ಯೂಟರಿನ ಗೆರೆಯೂ ನಿಮ್ಮ ಉತ್ತರದ ಗೆರೆಯೂ ಒಂದರ ಮೇಲೊಂದು ಕೂತರೆ ಕೆಲಸ ಮುಗಿಯಿತು.

ನಿವೃತ್ತ ಶಿಕ್ಷಕರು, ಮಲ್ಲೇಶ್ವರ: ವೈ′ = −50ವೈ ಎಂಬುದಕ್ಕೆ, ಆಯಾ ಬಿಂದುವಿನ ಇಳಿಜಾರಿನಲ್ಲೇ ಪುಟ್ಟ ಹೆಜ್ಜೆ ಇಡುತ್ತಾ ಸಾಗುವ ಆಯ್ಲರ್ ವಿಧಾನದಲ್ಲಿ, 0.1ರ ಹೆಜ್ಜೆ ಇಟ್ಟು ನೋಡಿ. ಪ್ರತಿ ಹೆಜ್ಜೆಗೂ ಬೆಲೆ −4ರಿಂದ ಗುಣಿಸಲ್ಪಡುತ್ತಾ ಹಿಗ್ಗುತ್ತದೆ, ನಿಜವಾದ ಪರಿಹಾರವಾದರೋ ಸೊನ್ನೆಗೆ ಇಳಿಯುತ್ತದೆ. ನಿಮ್ಮ ಗೆರೆ ಆಗ ಏನನ್ನು ಸಾಬೀತು ಮಾಡುತ್ತದೆ?

ಸಾಫ್ಟ್‌ವೇರ್ ಎಂಜಿನಿಯರ್, ವೈಟ್‌ಫೀಲ್ಡ್: ಹೆಜ್ಜೆಯನ್ನು ಅರ್ಧ ಮಾಡಿದರಾಯಿತು.

ನಿವೃತ್ತ ಶಿಕ್ಷಕರು, ಮಲ್ಲೇಶ್ವರ: 0.05 ಮಾಡಿದರೂ −1.5ರಿಂದ ಗುಣಿಸಿದಂತಾಯಿತು, ಆಗಲೂ ಹಿಗ್ಗುತ್ತದೆ. ಹೆಜ್ಜೆ 0.04ಕ್ಕಿಂತ ಚಿಕ್ಕದಾಗಬೇಕು. ಬರೆಯುವ ಮೊದಲು ಒಮ್ಮೆ ಗುಣಿಸಿ ನೋಡಬಹುದಿತ್ತು.

ಸಾಫ್ಟ್‌ವೇರ್ ಎಂಜಿನಿಯರ್, ವೈಟ್‌ಫೀಲ್ಡ್: ಇಂದು ಯಾರೂ ಆಯ್ಲರ್ ವಿಧಾನವನ್ನು ನಂಬಿ ಕೆಲಸ ಮಾಡುವುದಿಲ್ಲ. ಕಪ್ಪುಹಲಗೆ ಬಿಟ್ಟು ಬೇರೇನೂ ನೋಡದವರಿಗೆ ಇದು ಹೇಗೆ ತಿಳಿಯಬೇಕು?

ಉಪನ್ಯಾಸಕಿ: ಇಬ್ಬರೂ ನಿಲ್ಲಿಸಿ. ಗೆರೆ ಹೊಂದದಿದ್ದರೆ ಎಲ್ಲೋ ತಪ್ಪಿದೆಯೆಂಬ ಅನುಮಾನಕ್ಕೆ ಕಂಪ್ಯೂಟರ್ ಒಳ್ಳೆಯದು. ಹೊಂದಿದರೆ ಅಂದಾಜು ಹತ್ತಿರವಿದೆ ಎಂದಷ್ಟೇ ಅರ್ಥ.

ಪಿಯು ವಿದ್ಯಾರ್ಥಿ, ಹೆಬ್ಬಾಳ: ನನ್ನ ಉತ್ತರ ಪುಸ್ತಕದ ಉತ್ತರಕ್ಕೆ ಹೊಂದುತ್ತಿಲ್ಲ ಮೇಡಂ.

ಉಪನ್ಯಾಸಕಿ: ಮೊದಲ ಪ್ರಶ್ನೆಯ ಉತ್ತರವನ್ನು ಓದು.

ಪೋಷಕರು, ರಾಜಾಜಿನಗರ: ಇನ್ನೊಂದು ಸಂದೇಶ ಬಂದಿದೆ: ‘ವೈ ಬಿಡಿಸಬೇಕಿಲ್ಲ, ಉತ್ತರದ ಎರಡೂ ಬದಿ ಅವಕಲಿಸಿ ಸಮೀಕರಣ ಬಂದರೆ ಪೂರ್ತಿ ಅಂಕ.’ ಇದಾದರೂ ಸರಿಯೇ?

ಉಪನ್ಯಾಸಕಿ: ಎಕ್ಸ್² + ವೈ² = −4 ಅನ್ನು ಅವಕಲಿಸಿ. ಎಕ್ಸ್ + ವೈ·ವೈ′ = 0 ಎಂದು ಚೆನ್ನಾಗಿಯೇ ಬರುತ್ತದೆ. ಆದರೆ −4ಕ್ಕೆ ಸಮವಾಗುವ ನೈಜ ಎಕ್ಸ್, ವೈ ಒಂದೂ ಇಲ್ಲದಿರುವಾಗ ಪರಿಹಾರ ಎಲ್ಲಿಂದ ಬರಬೇಕು? ಇಂಥ ಸಂದೇಶಗಳನ್ನು ಇನ್ನು ಇಲ್ಲಿ ಹಾಕಬೇಡಿ.

ಪೋಷಕರು, ರಾಜಾಜಿನಗರ: ಕೇಳಿದ್ದೇ ತಪ್ಪಾಯಿತೇನು?

ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬಸವನಗುಡಿ: ಮೇಡಂ, ಲಾಪ್ಲಾಸ್?