ಒಳ್ಳೆಯ ಕೌನ್ಸಿಲರ್ ಆಗಲು ಏನು ಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು:

ಎಲ್ಲರಿಗೂ ನಮಸ್ಕಾರ. ಮುಂದಿನ ಸ್ಥಳೀಯ ಚುನಾವಣೆಗೆ ನಿಲ್ಲಿ ಅಂತ ನಾಲ್ಕು ಜನ ಹಿಂದೆ ಬಿದ್ದಿದ್ದಾರೆ. ನಾನು ಲೆಕ್ಕಪತ್ರ ಬರೆಯುವ ಕೆಲಸದವಳು. ಭಾಷಣ ಬರುವುದಿಲ್ಲ. ಜನ ಸೇರಿದ ಕಡೆ ಹಿಂದಿನ ಸಾಲಿನಲ್ಲಿ ಕೂರುವ ಸ್ವಭಾವ. ಗೆಲ್ಲುವುದು ಹೇಗೆ ಅಂತ ನಾನು ಕೇಳುತ್ತಿಲ್ಲ. ಒಂದು ವೇಳೆ ಗೆದ್ದರೆ ಕೆಲಸಕ್ಕೆ ಬರುವ ಸದಸ್ಯೆ ಆಗುವುದು ಹೇಗೆ? ಸದಸ್ಯರಾಗಿದ್ದವರು, ಅವರ ಜೊತೆ ಕೆಲಸ ಮಾಡಿದವರು, ಅವರಿಂದ ಬೇಸತ್ತವರು, ಎಲ್ಲರೂ ಹೇಳಿ.

ಎರಡು ಅವಧಿಗೆ ಸದಸ್ಯೆಯಾಗಿದ್ದವರು:

ಭಾಷಣದ ಚಿಂತೆ ಮೊದಲು ಬಿಡಿ. ಎರಡು ಅವಧಿಯಲ್ಲಿ ನಾನು ಸಭೆಯಲ್ಲಿ ಎದ್ದು ನಿಂತು ಐದು ನಿಮಿಷಕ್ಕಿಂತ ಜಾಸ್ತಿ ಮಾತಾಡಿದ್ದು ನಾಲ್ಕೋ ಐದೋ ಸಲ. ನಿಮಗೆ ಲೆಕ್ಕ ಓದಲು ಬರುತ್ತದೆ. ನನಗೆ ಬರುತ್ತಿರಲಿಲ್ಲ. ಮೊದಲ ಬಜೆಟ್ ಸಭೆಯಲ್ಲಿ ಪಕ್ಕದವರು ಪುಟ ತಿರುಗಿಸಿದಾಗ ನಾನೂ ತಿರುಗಿಸಿದೆ, ಅಷ್ಟೇ.

ನನಗೆ ಬುದ್ಧಿ ಬಂದದ್ದು ಒಂದು ಬೀದಿದೀಪದಿಂದ. ಒಂದು ಗಲ್ಲಿಯ ಕೊನೆಯಲ್ಲಿ ದೀಪ ಕೆಟ್ಟಿತ್ತು. ಅಲ್ಲಿನ ಅಜ್ಜ ಒಬ್ಬರು ಬಂದು ಹೇಳಿದರು. ಅದೇ ದಿನ ಕಚೇರಿಗೆ ತಿಳಿಸಿದೆ. ನೆಲದೊಳಗಿನ ಕೇಬಲ್ ಹೋಗಿದೆ, ರಸ್ತೆ ಅಗೆಯಬೇಕು, ಮೂರು ತಿಂಗಳಾದರೂ ಬೇಕು ಅಂದರು. ಒಳ್ಳೆಯ ಸುದ್ದಿ ಅಲ್ಲವಲ್ಲ, ಹಾಗಾಗಿ ಅಜ್ಜನಿಗೆ ಹೇಳಲು ಹೋಗಲಿಲ್ಲ. ಎದುರು ಸಿಕ್ಕಾಗಲೆಲ್ಲ "ನೋಡುತ್ತಿದ್ದೇನೆ ಅಜ್ಜ" ಅಂದು ಜಾರಿಕೊಂಡೆ. ಎರಡು ತಿಂಗಳು ಕಳೆದ ಮೇಲೆ ಅವರು ಮನೆ ಬಾಗಿಲಿಗೇ ಬಂದರು. ಜಗಳ ಆಡಲಿಲ್ಲ. "ಈಗ ಆಗಲ್ಲ ಅಂತ ಅವತ್ತೇ ಹೇಳಿದ್ದರೆ ಒಂದು ಟಾರ್ಚ್ ತಗೊಳ್ಳುತ್ತಿದ್ದೆನಲ್ಲಮ್ಮ" ಅಂದರು. ಕತ್ತಲಲ್ಲಿ ಎಡವಿ ಮೊಣಕೈಗೆ ಪಟ್ಟಿ ಕಟ್ಟಿಕೊಂಡಿದ್ದರು.

ಕೆಲಸ ಆಗದಿದ್ದರೆ ಜನ ಹೇಗೋ ತಡೆದುಕೊಳ್ಳುತ್ತಾರೆ. ಆಗುತ್ತದೋ ಇಲ್ಲವೋ ಗೊತ್ತಾಗದೆ ಕಾಯುವುದಿದೆಯಲ್ಲ, ಅದು ಅವರನ್ನು ಸುಸ್ತು ಮಾಡುತ್ತದೆ. ಅವತ್ತಿನಿಂದ ಒಂದು ಉದ್ದ ನೋಟ್‌ಬುಕ್ ಇಟ್ಟೆ. ಯಾರು ಹೇಳಿದರು, ಏನು ಹೇಳಿದರು, ನಾನು ಯಾರಿಗೆ ದಾಟಿಸಿದೆ, ಅವರು ಏನಂದರು, ಇಷ್ಟು ಎಲ್ಲರೂ ಬರೆಯುತ್ತಾರೆ. ನಾನು ಕೊನೆಗೆ ಇನ್ನೊಂದು ಕಲಂ ಎಳೆದೆ: ತಿರುಗಿ ಹೋಗಿ ಹೇಳಿದ ದಿನ. ಆ ಕಲಂ ಖಾಲಿ ಇದ್ದರೆ ಮೇಲಿನದೆಲ್ಲ ದಂಡ. "ಆಗಲ್ಲ, ಯಾಕೆಂದರೆ ಹೀಗೆ" ಅಂತ ಹೇಳಿ ಬಂದರೂ ಅದು ತುಂಬಿದ ಹಾಗೆ.

ದೂರು ಕೊಡಲು ಬಾರದವರ ಕಡೆಗೂ ಕಣ್ಣಿರಲಿ. ಬಾಡಿಗೆ ಮನೆಯವರು ಬಾಯಿ ಬಿಡುವುದು ಕಡಿಮೆ. ರಾತ್ರಿ ಪಾಳಿಯವರು ನಿಮಗೆ ಹಗಲಲ್ಲಿ ಸಿಗುವುದೇ ಇಲ್ಲ. ಜೋರು ದನಿಯವರ ಬೀದಿಯನ್ನೇ ಮೂರು ಸಲ ಗುಡಿಸಿಸಿ, ಪಕ್ಕದ ಬೀದಿಗೆ ಕಾಲೇ ಇಡದ ಸದಸ್ಯರನ್ನು ನಾನು ನೋಡಿದ್ದೇನೆ. ಹೇಳಬೇಕೆಂದರೆ ಮೊದಲ ವರ್ಷ ನಾನೂ ಹಾಗೇ ಇದ್ದೆ. ವಾರ್ಡನ್ನು ಬೇರೆ ಬೇರೆ ಹೊತ್ತಿನಲ್ಲಿ ನಡೆದು ನೋಡಿ. ಜೋರು ಮಳೆ ಬರುವಾಗ ಕೊಡೆ ಹಿಡಿದು ಒಂದು ಸುತ್ತು ಹಾಕಿ. ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದು ಬಿಸಿಲಲ್ಲಿ ಮಾಡಿದ ಸರ್ವೆಯಲ್ಲಿ ಕಾಣುವುದಿಲ್ಲ.

ನಿವೃತ್ತ ಎಂಜಿನಿಯರ್:

ನಾನು ಮೇಜಿನ ಆ ಕಡೆ ಕೂತವನು. ಎಷ್ಟು ಕೌನ್ಸಿಲ್‌ಗಳು ಬಂದು ಹೋದವೋ ಲೆಕ್ಕ ಇಟ್ಟಿಲ್ಲ. ನಮಗೆ ತಲೆನೋವು ಆಗುತ್ತಿದ್ದವರು ಪ್ರಶ್ನೆ ಕೇಳುವವರಲ್ಲ. ನೇರವಾಗಿ ಲೈನ್‌ಮನ್‌ಗೆ, ಪೌರಕಾರ್ಮಿಕರಿಗೆ ಫೋನ್ ಮಾಡಿ "ಮೊದಲು ಇಲ್ಲಿಗೆ ಬಾ" ಅನ್ನುವವರು. ಅವರ ಒಂದು ಫೋನಿಗೆ ಇಪ್ಪತ್ತು ಮನೆಯವರ ಸರದಿ ಹಿಂದೆ ಹೋಗುತ್ತದೆ. ಮೇಡಂ, ಸದಸ್ಯರ ಕೆಲಸ ಪೈಪು ಜೋಡಿಸಿಸುವುದಲ್ಲ. ಆ ಪೈಪಿಗೆ ದುಡ್ಡು ಇಟ್ಟಿದ್ದಾರಾ, ಇಟ್ಟಿದ್ದರೆ ಯಾಕೆ ಖರ್ಚಾಗಿಲ್ಲ ಅಂತ ಸಭೆಯಲ್ಲಿ ಕೇಳುವುದು. ನಿಮ್ಮ ಕಸುಬಿನವರಿಗೆ ಇದು ಸಲೀಸು.

ಎರಡು ಪ್ರಶ್ನೆ ಕಲಿತರೆ ಅರ್ಧ ಎಂಜಿನಿಯರ್ ಆದ ಹಾಗೆ. ಒಂದು: "ಇದನ್ನು ಕಟ್ಟಿದ ಮೇಲೆ ನೋಡಿಕೊಳ್ಳುವವರು ಯಾರು, ಅದಕ್ಕೆ ವರ್ಷಕ್ಕೆ ಎಷ್ಟು?" ಕಾರಂಜಿ ಉದ್ಘಾಟನೆಗೆ ಎಲ್ಲರೂ ಬರುತ್ತಾರೆ. ಮೂರನೇ ವರ್ಷ ಅದರ ಮೋಟಾರ್ ಸುಟ್ಟಾಗ ಯಾರೂ ಇರುವುದಿಲ್ಲ. ಹಳೆಯದರ ರಿಪೇರಿಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ ನೋಡಿ, ಹಾಗಾಗಿ ಅದಕ್ಕೆ ದುಡ್ಡು ಇಡಿಸುವ ಸದಸ್ಯರು ಅಪರೂಪ. ಎರಡು: "ಹಳೆ ಡಾಂಬರು ಕೆರೆದು ತೆಗೆಯುತ್ತೀರಾ, ಅದರ ಮೇಲೇ ಹಾಕುತ್ತೀರಾ?" ಪದರದ ಮೇಲೆ ಪದರ ಹಾಕುತ್ತಾ ಹೋದರೆ ರಸ್ತೆ ಏರುತ್ತದೆ, ಮನೆಗಳು ತಗ್ಗಿಗೆ ಬೀಳುತ್ತವೆ. ಆಮೇಲೆ ಮಳೆನೀರು ಮನೆಯೊಳಗೆ ಬಂತು ಅಂತ ಚರಂಡಿಯನ್ನು ಬೈಯುತ್ತೇವೆ. ಚರಂಡಿದು ಅದರಲ್ಲಿ ತಪ್ಪೇ ಇರುವುದಿಲ್ಲ.

ಇನ್ನೊಂದು ತಮಾಷೆ. ದೊಡ್ಡ ಟೆಂಡರ್ ಎರಡು ನಿಮಿಷಕ್ಕೆ ಪಾಸಾಗುತ್ತದೆ. ಪಾರ್ಕಿನ ಬೆಂಚಿಗೆ ಹಸಿರು ಬಣ್ಣವೋ ನೀಲಿಯೋ ಅಂತ ಒಂದು ಗಂಟೆ ಚರ್ಚೆ. ದೊಡ್ಡದು ಯಾರಿಗೂ ಅರ್ಥ ಆಗಿರುವುದಿಲ್ಲ, ಬೆಂಚು ಎಲ್ಲರಿಗೂ ಗೊತ್ತು. ಬ್ರಿಟನ್ನಿನ ಪಾರ್ಕಿನ್ಸನ್ ಎಂಬುವರು 1957ರಲ್ಲೇ ಇದನ್ನು ಬರೆದಿದ್ದಾರೆ. ಅವರ ಉದಾಹರಣೆಯಲ್ಲಿ ಅಣುಸ್ಥಾವರಕ್ಕೆ ಎರಡೂವರೆ ನಿಮಿಷ, ಸೈಕಲ್ ನಿಲ್ಲಿಸುವ ಶೆಡ್ಡಿಗೆ ಮುಕ್ಕಾಲು ಗಂಟೆ. ನೀವು ಬೆಂಚಿನ ಹೊತ್ತಿಗೆ ಸುಮ್ನೆ ಕೂತು, ಟೆಂಡರ್ ಹೊತ್ತಿಗೆ ಬಾಯಿ ಬಿಟ್ಟರೆ ಸಾಕು.

ಒಬ್ಬ ಮತದಾರ:

ಫೋನ್ ಎತ್ತಲಿ. ನನಗೆ ಅಷ್ಟೇ ಸಾಕು.

ಮತ್ತೊಬ್ಬರು, ಮೇಲಿನ ಮಾತಿಗೆ:

ಸಾಕಾಗುವುದಿಲ್ಲ ಸ್ವಾಮಿ. ನಮ್ಮ ಸದಸ್ಯರು ಎಲ್ಲ ಫೋನ್ ಎತ್ತುತ್ತಿದ್ದರು. ಯಾರ ಮನೆಯಲ್ಲಿ ಮದುವೆ ಇರಲಿ, ಸಾವು ಇರಲಿ, ಮೊದಲು ಬಂದು ನಿಲ್ಲುತ್ತಿದ್ದರು. ಬಂಗಾರದಂಥ ಮನುಷ್ಯ. ಆದರೆ ಕಸ ವಿಂಗಡಿಸುವ ಘಟಕ ಎಲ್ಲಿ ಮಾಡುವುದು ಅಂತ ಚರ್ಚೆ ಬಂದಾಗ "ನನ್ನ ವಾರ್ಡಿನಲ್ಲಿ ಬೇಡ" ಅನ್ನುವುದೊಂದನ್ನೇ ಹಿಡಿದರು. ಉಳಿದವರೂ ಅದನ್ನೇ ಅಂದರು. ಘಟಕ ಎಲ್ಲೂ ಆಗಲಿಲ್ಲ. ಕಸ ಎಲ್ಲರ ವಾರ್ಡಿನಲ್ಲೂ ಬಿತ್ತು, ಅವರ ವಾರ್ಡೂ ಸೇರಿ. ಕೈಗೆ ಸಿಗುವವರು ಬೇರೆ, ಕೆಲಸಕ್ಕೆ ಬರುವವರು ಬೇರೆ. ಆರಿಸಿ ಕಳಿಸುವುದು ಒಂದು ವಾರ್ಡಿನವರೇ ಇರಬಹುದು, ಕೈ ಎತ್ತಬೇಕಾದದ್ದು ಇಡೀ ಊರಿನ ಪರವಾಗಿ ಅಲ್ವಾ?

ಕೇಳಿದವರು:

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಇನ್ನೊಂದು ಮುಜುಗರದ ಪ್ರಶ್ನೆ. ನನ್ನ ತಮ್ಮ ಸಣ್ಣಪುಟ್ಟ ಗುತ್ತಿಗೆ ಕೆಲಸ ಮಾಡಿಸುತ್ತಾನೆ. ನಾನು ಗೆದ್ದರೆ ಅವನ ಹೊಟ್ಟೆಪಾಡು ನಿಂತ ಹಾಗೆ ಆಗುತ್ತದೆಯಾ? ನಾನು ವೋಟು ಹಾಕದೆ ಸುಮ್ನೆ ಕೂತರೆ ನಡೆಯುತ್ತದೆಯಾ?

ಎರಡು ಅವಧಿಗೆ ಸದಸ್ಯೆಯಾಗಿದ್ದವರು:

ಒಳ್ಳೆಯದಾಯಿತು, ಈಗಲೇ ಕೇಳಿದಿರಿ. ಸುಮ್ನೆ ಕೂತರೆ ನಡೆಯುವುದಿಲ್ಲ. ನೀವು ಕೋಣೆಯಲ್ಲಿ ಕೂತಿರುವುದೇ ಉಳಿದವರಿಗೆ ಒಂದು ಮಾತು. ನಿಮ್ಮ ಮುಖ ನೋಡಿಕೊಂಡು ಯಾರು ಬೇಡ ಅನ್ನುತ್ತಾರೆ? ವಿಷಯ ಬಂದಾಗ ಎದ್ದು "ಇದರಲ್ಲಿ ನನ್ನ ತಮ್ಮನ ಸಂಬಂಧ ಇದೆ" ಅಂತ ಹೇಳಿ, ಆ ಮಾತನ್ನು ನಡಾವಳಿಯಲ್ಲಿ ಬರೆಸಿ, ಹೊರಗೆ ಹೋಗಿ ಬಿಡಿ. ಬರೆಸಿದ್ದು ಬಹಳ ಮುಖ್ಯ. ಐದು ವರ್ಷದ ಮೇಲೆ ಯಾರಿಗೂ ನೆನಪಿರುವುದಿಲ್ಲ, ಪುಸ್ತಕಕ್ಕೆ ನೆನಪಿರುತ್ತದೆ. ಹತ್ತಿರದ ಸಂಬಂಧಿಕರ ಗುತ್ತಿಗೆ ಇದ್ದರೆ ಸದಸ್ಯತ್ವಕ್ಕೇ ಕುತ್ತು ಬರುವ ಕಾಯ್ದೆಗಳೂ ಇರುತ್ತವೆ, ಹಾಗಾಗಿ ನಾಮಪತ್ರ ಹಾಕುವ ಮುಂಚೆ ನಿಮಗೆ ಅನ್ವಯಿಸುವ ನಿಯಮ ಓದಿಸಿ ನೋಡಿ.

ತಮ್ಮನ ಜೊತೆ ಕೂತು ಮಾತಾಡುವುದೂ ಚುನಾವಣೆಗೆ ಮುಂಚೆಯೇ ಆಗಲಿ. ನನ್ನ ಮನೆಯಲ್ಲಿ ಆ ಮಾತು ಗೆದ್ದ ಮೇಲೆ ಆಯಿತು. ಮೈದುನ ಎರಡು ವರ್ಷ ಮಾತು ಬಿಟ್ಟ. ಈಗ ಸರಿಯಾಗಿದ್ದೇವೆ, ಆದರೆ ಆ ಎರಡು ವರ್ಷ ಹಬ್ಬಕ್ಕೆ ಅಂತ ಕರೆದರೂ ಬರಲಿಲ್ಲ. ಬ್ರಿಟನ್ನಿನಲ್ಲಿ ನೋಲನ್ ಅವರ ಸಮಿತಿ 1995ರಲ್ಲಿ ಸಾರ್ವಜನಿಕ ಹುದ್ದೆಯವರಿಗೆ ಏಳು ತತ್ವ ಬರೆದುಕೊಟ್ಟಿತು. ನಿಸ್ವಾರ್ಥ, ಪ್ರಾಮಾಣಿಕತೆ, ಹೊಣೆಗಾರಿಕೆ ಅಂತ ಓದಲು ಚೆನ್ನಾಗಿದೆ. ಮನೆಯವರು ಊಟಕ್ಕೆ ಕೂತಾಗ ಅದನ್ನು ಹೇಳುವುದು ಕಷ್ಟ.

ಇತಿಹಾಸ ಪಾಠ ಮಾಡುವವರು:

ನಾನು ಯಾವ ಸಭೆಯಲ್ಲೂ ಕೂತವನಲ್ಲ. ಆದರೆ ಮೇಲೆ ಸದಸ್ಯೆಯಾಗಿದ್ದ ಅಕ್ಕನವರು ಹೇಳಿದ "ನಡೆದು ನೋಡಿ" ಅನ್ನುವುದಕ್ಕೆ ಒಂದು ಹಳೆಯ ಸಾಕ್ಷಿ ಇದೆ. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂತು. ಹತ್ತು ದಿನದಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ಬರುತ್ತದೆ ಅಂತ ದೊಡ್ಡ ದೊಡ್ಡವರೆಲ್ಲ ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯ ಸತ್ತವರ ಮನೆಗಳನ್ನು ಲೆಕ್ಕ ಹಾಕಿ, ಬ್ರಾಡ್ ಸ್ಟ್ರೀಟಿನ ಕೈಪಂಪಿನ ನೀರೇ ಕಾರಣ ಅಂದ. ಸೆಪ್ಟೆಂಬರ್ 7ರ ಸಂಜೆ ಅಲ್ಲಿನ ಪ್ಯಾರಿಷ್, ಅಂದರೆ ಆ ಪ್ರದೇಶದ ಸ್ಥಳೀಯ ಆಡಳಿತದ ಮಂಡಳಿಯ ಮುಂದೆ ಹೋಗಿ ಹೇಳಿದ. ಸದಸ್ಯರು ಪೂರ್ತಿ ಒಪ್ಪಿದ್ದರು ಅಂತೇನಿಲ್ಲ. ಆದರೂ ಮಾರನೇ ದಿನ ಪಂಪಿನ ಹಿಡಿ ತೆಗೆಸಿದರು. ಅಷ್ಟರಲ್ಲಿ ಕಾಯಿಲೆ ಇಳಿಯಲು ಶುರುವಾಗಿತ್ತು ಅಂತ ಸ್ನೋ ತಾನೇ ಒಪ್ಪಿಕೊಂಡಿದ್ದಾನೆ, ಅದು ಬೇರೆ ಮಾತು. ತಪ್ಪಾದರೆ ಒಂದು ಹಿಡಿ ಮತ್ತೆ ಹಾಕಬೇಕು, ಸರಿಯಾದರೆ ಜೀವ ಉಳಿಯುತ್ತದೆ. ಆ ಸದಸ್ಯರು ಇಷ್ಟು ಲೆಕ್ಕ ಹಾಕಿರಬಹುದು ಅಂತ ನನ್ನ ಊಹೆ.

ನನಗೆ ಇನ್ನೂ ಇಷ್ಟ ಆಗುವುದು ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿ. ಸ್ನೋ ಹೇಳಿದ್ದು ಸುಳ್ಳು ಅಂತ ತೋರಿಸಲು ಹೊರಟವನು ಅವನು. ಆ ಬೀದಿಯ ಮನೆಮನೆಯೂ ಅವನಿಗೆ ಗೊತ್ತಿತ್ತು. ಕೇಳುತ್ತಾ ಹೋದಂತೆ ಸ್ನೋ ಹೇಳಿದ್ದೇ ನಿಜ ಅಂತ ಅವನಿಗೇ ಮನವರಿಕೆಯಾಯಿತು. ಪಂಪಿನ ಪಕ್ಕದ ಮನೆಯಲ್ಲಿ ಮೊದಲು ಕಾಯಿಲೆ ಬಿದ್ದ ಮಗುವಿನ ಬಟ್ಟೆ ಒಗೆದ ನೀರು ಹೋದ ಗುಂಡಿ ಬಾವಿಗೆ ಸೋರುತ್ತಿದೆ ಅನ್ನುವುದಕ್ಕೆ ದಾರಿ ತೋರಿಸಿದ್ದು ಅವನ ಓಡಾಟ. ತಾನು ಅಂದುಕೊಂಡದ್ದು ತಪ್ಪು ಅಂತ ಗೊತ್ತಾದಾಗ ಬದಲಾಯಿಸಿಕೊಂಡ ನೋಡಿ. ಸದಸ್ಯರಲ್ಲಿ ಆ ಗುಣ ಇರುವವರು ನನಗೆ ಇನ್ನೂ ಸಿಕ್ಕಿಲ್ಲ!

ಹಿಂದಿನ ಸಾಲಿನ ಸ್ವಭಾವ ಅಂದಿರಲ್ಲ ಮೇಡಂ, ಅದಕ್ಕೂ ಒಂದು ಮಾತು. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳನ್ನು ರಾಘವೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡುಫ್ಲೋ ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದರು. ಅಧ್ಯಕ್ಷ ಸ್ಥಾನ ಮಹಿಳೆಯರಿಗೆ ಮೀಸಲಾಗಿದ್ದ ಕಡೆ ಕುಡಿಯುವ ನೀರಿಗೆ ಜಾಸ್ತಿ ಕೆಲಸ ಆಗಿತ್ತು. ಅಲ್ಲಿನ ಹೆಂಗಸರು ಹೆಚ್ಚು ದೂರುತ್ತಿದ್ದದ್ದೂ ನೀರಿನ ಬಗ್ಗೆಯೇ. ಕುರ್ಚಿಯಲ್ಲಿ ಯಾರು ಕೂರುತ್ತಾರೆ ಅನ್ನುವುದರಿಂದ ಯಾವ ನಲ್ಲಿಗೆ ನೀರು ಅನ್ನುವುದು ಬದಲಾಗುತ್ತದೆ.

ಸೋತ ಸದಸ್ಯರೊಬ್ಬರು:

ಮೇಲಿನದೆಲ್ಲ ಮಾಡಿದೆ. ಕಾಗದ ಓದಿದೆ, ತಿರುಗಿ ಹೋಗಿ ಹೇಳಿದೆ, ಒಂದು ಕೆಟ್ಟ ಟೆಂಡರ್ ತಡೆದೆ. ಮುಂದಿನ ಸಲ ಸೋತೆ. ತಡೆದ ಟೆಂಡರ್ ಕಣ್ಣಿಗೆ ಕಾಣುವುದಿಲ್ಲ ನೋಡಿ. ಎದುರು ನಿಂತವರು ಹಾಕಿಸಿದ ಕಮಾನು ಕಾಣುತ್ತದೆ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಮನೆಯ ಖರ್ಚು ಈ ಕುರ್ಚಿಯಿಂದ ನಡೆಯುತ್ತದೆ ಅಂದುಕೊಳ್ಳಬೇಡಿ, ನಿಮ್ಮ ಲೆಕ್ಕದ ಕೆಲಸ ಪೂರ್ತಿ ಬಿಡಬೇಡಿ. ಸೋತರೆ ಹೋಗಲು ಒಂದು ಜಾಗ ಇದ್ದವರು ಸಭೆಯಲ್ಲಿ ಸ್ವಲ್ಪ ಧೈರ್ಯವಾಗಿ ಮಾತಾಡುತ್ತಾರೆ. ಒಂದು ಮಾತ್ರ ಬೇರೆ ಥರ ಮಾಡುತ್ತಿದ್ದೆ: ತಡೆದದ್ದು ಯಾಕೆ ಅಂತ ಮನೆಮನೆಗೆ ಒಂದು ಚೀಟಿ ಹಂಚುತ್ತಿದ್ದೆ. ಜನಕ್ಕೆ ತಾನೇ ಗೊತ್ತಾಗುತ್ತದೆ ಅಂದುಕೊಂಡು ಬಿಟ್ಟೆ.

ಕೇಳಿದವರು:

ಎಲ್ಲವನ್ನೂ ಬರೆದುಕೊಂಡೆ. ತಮ್ಮನ ಹತ್ತಿರ ನಾಳೆ ಮಾತಾಡುತ್ತೇನೆ. ಅದಾದ ಮೇಲೆ ನಿಲ್ಲುವುದೋ ಬಿಡುವುದೋ ನೋಡೋಣ. ನಿಂತರೆ ಮೊದಲು ಏನು ಓದಲಿ?

ನಿವೃತ್ತ ಎಂಜಿನಿಯರ್:

ಗೆಲ್ಲುವವರೆಗೆ ಕಾಯಬೇಡಿ. ಕಳೆದ ಮೂರು ವರ್ಷದ ಬಜೆಟ್ ಪುಸ್ತಕ ಕೇಳಿ ಪಡೆಯಿರಿ. ಪ್ರತಿ ಸಾಲಿನಲ್ಲಿ ಇಟ್ಟದ್ದು ಎಷ್ಟು, ಖರ್ಚಾದದ್ದು ಎಷ್ಟು ಅಂತ ಎದುರು ಬದುರು ಬರೆಯಿರಿ. ಮೂರೂ ವರ್ಷ ದುಡ್ಡು ಇಟ್ಟು ಮುಟ್ಟದೇ ಬಿಟ್ಟ ಸಾಲುಗಳು ಸಿಗುತ್ತವೆ. ಅದರಲ್ಲಿ ಚರಂಡಿ ಹೂಳು ಎತ್ತುವ ಸಾಲು ಇದ್ದರೆ ಅದರ ಕೆಳಗೆ ಗೆರೆ ಎಳೆದು ಇಟ್ಟುಕೊಳ್ಳಿ.