ಅಪ್‌ಡೇಟ್: ಕೊನೆಗೂ ಜೆಫ್ ಬೆಕ್ ಸಿಕ್ಕಿದ

ಇಂಗ್ಲಿಷ್ ರಾಕ್ ಗಾಯಕ ಡೇವಿಡ್ ಬೋವಿ 1973ರ ಜುಲೈ 3ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ ಮಾಡಿದ ಜಿಗ್ಗಿ ಸ್ಟಾರ್‌ಡಸ್ಟ್ (ವೇದಿಕೆಯ ಮೇಲೆ ಬೋವಿ ತೊಡುತ್ತಿದ್ದ ವೇಷದ ಹೆಸರು) ಶೋನಲ್ಲಿ ಗಿಟಾರಿಸ್ಟ್ ಜೆಫ್ ಬೆಕ್ ಅತಿಥಿಯಾಗಿ ನುಡಿಸಿದ್ದ ಅಂತಾರೆ, ಆ ಶೋನ ರೆಕಾರ್ಡಿಂಗ್ ಇರುವ ನನ್ನ ಎಲ್‌ಪಿಯಲ್ಲಿ (ಹಳೆಯ ಕಾಲದ ಗ್ರಾಮಫೋನ್ ತಟ್ಟೆ) ಮಾತ್ರ ಯಾಕಿಲ್ಲ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ? ಹಳೆಯ ಆವೃತ್ತಿಗಳಲ್ಲಿ ಅವನ ಹಾಡುಗಳನ್ನು ಬಿಟ್ಟಿದ್ದಾರೆ ಅಂತ ನೀವು ಹೇಳಿದ್ದು ಸರಿ. ನನ್ನದು 1983ರದ್ದು, ಅದರಲ್ಲಿ ಬೆಕ್ ನುಡಿಸಿದ ಹಾಡುಗಳೇ ಇಲ್ಲ. 2003ರದ್ದರಲ್ಲೂ ಇಲ್ಲ. 50 ವರ್ಷದ ನೆನಪಿಗೆ 2023ರಲ್ಲಿ ಬಂದ ಆವೃತ್ತಿಯಲ್ಲಿ ಇವೆ. ತರಿಸಿಕೊಂಡೆ. (ಬೆಲೆ ಕೇಳಬೇಡಿ, ಮನೆಯಲ್ಲೂ ಹೇಳಿಲ್ಲ.)

ಮೊದಲು ಹಾಕಿದ್ದು 'ಜೀನ್ ಜೀನಿ'. ಹಾಡಿನ ನಡುವೆ ಬೋವಿ ಸುಮ್ನೆ ಮೌತ್ ಆರ್ಗನ್ ಹಿಡಿದು ಬೀಟಲ್ಸ್‌ನ 'ಲವ್ ಮಿ ಡೂ'ಗೆ ಜಾರುತ್ತಾನೆ. ಒಂದು ಕಡೆ ಬೋವಿಯ ಬ್ಯಾಂಡಿನ ಗಿಟಾರಿಸ್ಟ್ ಮಿಕ್ ರಾನ್ಸನ್, ಇನ್ನೊಂದು ಕಡೆ ಬೆಕ್. ಎರಡು ಗಿಟಾರ್ ಕಿತ್ತಾಡುತ್ತಿವೆಯೋ, ಹರಟುತ್ತಿವೆಯೋ ಗೊತ್ತಾಗಲ್ಲ. ಮೂರು ಸಲ ಕೇಳಿದೆ.

ಧ್ವನಿ ಅಷ್ಟೇನೂ ನಯವಾಗಿಲ್ಲ, ಜನರ ಕಿರುಚಾಟ ಜಾಸ್ತಿ. ನನಗೆ ಅದೇ ಇಷ್ಟ. ಇದೇ ಕೊನೆಯ ಶೋ ಅಂತ ಬೋವಿ ಹೇಳಿದಾಗ ಏಳುವ ಕೂಗು ಇದೆಯಲ್ಲ, ಮೈ ಜುಂ ಅಂತು. ಪಾಪ, ಬೇಸ್ ನುಡಿಸುತ್ತಿದ್ದ ಬೋಲ್ಡರ್‌ಗೂ ಡ್ರಮ್ಮರ್ ವುಡ್‌ಮ್ಯಾನ್ಸಿಗೂ ವಿಷಯ ಗೊತ್ತಾಗಿದ್ದು ಆಗಲೇ!

ಹಳೆಯ ಎಲ್‌ಪಿ ಮಾರಲ್ಲ. ಕೇಳಬೇಡಿ.